ಬ್ಯಾಟರಿ ಗರಗಸ ನೆಲದ ಮೇಲೇ ಇರಲಿ

ಸಂಘದ ಮಳಿಗೆಯಲ್ಲಿ ಗೊಬ್ಬರಕ್ಕೆ ಚೀಟಿ ಬರೆಸಲು ನಿಂತಾಗಲೆಲ್ಲ ಈಚೆಗೆ ಒಂದೇ ಮಾತು ಕಿವಿಗೆ ಬೀಳುತ್ತಿದೆ: "ಬ್ಯಾಟರಿ ಗರಗಸ ತಗೊಂಡಿರಂತೆ, ಹೇಗಿದೆ?" ತಂತಿಯಿಲ್ಲ, ಪೆಟ್ರೋಲಿಲ್ಲ, ಹಗ್ಗ ಎಳೆದು ಚಾಲೂ ಮಾಡುವ ಗೋಳಿಲ್ಲ. ಹಿಂದೆ ಒಂದು ಹಿಡಿ, ಮುಂದೆ ಚಾಚಿಕೊಂಡ ಅಲಗು. ಆ ಅಲಗು ಸುತ್ತುವುದಿಲ್ಲ, ಹಿಂದೆ ಮುಂದೆ ಓಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ರೆಸಿಪ್ರೊಕೇಟಿಂಗ್ ಸಾ ಎನ್ನುತ್ತಾರೆ.

ಇದನ್ನು ಕೊಳ್ಳಬೇಡಿ ಎನ್ನಲು ನಾನು ಲೇಖನಿ ಹಿಡಿದಿಲ್ಲ. ನಾನೇ ಒಂದನ್ನು ಕೊಂಡು ಎರಡು ವರ್ಷವಾಯಿತು. ಆಳು ಸಿಗದ ಈ ದಿನಗಳಲ್ಲಿ ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದನ್ನು ಮರದ ಮೇಲಕ್ಕೆ ಕಳಿಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕೆಲವು ಸದಸ್ಯ ಬಂಧುಗಳಿಗೆ ಇದು ರುಚಿಸಲಿಕ್ಕಿಲ್ಲ. ಮರಗಸಿಗೆಂದೇ ಇದನ್ನು ಕೊಂಡವರು ನಮ್ಮಲ್ಲಿ ಹೆಚ್ಚು.

ಈ ಯಂತ್ರದ ಹುಟ್ಟನ್ನು ಸ್ವಲ್ಪ ನೋಡಿ. ಅಮೆರಿಕದ ಮಿಲ್ವಾಕೀ ಕಂಪನಿ 1951ರಲ್ಲಿ ಸಾಜಾಲ್ ಎಂಬ ಹೆಸರಿನಲ್ಲಿ ಇಂಥ ಗರಗಸವನ್ನು ಮಾರುಕಟ್ಟೆಗೆ ತಂದಿತು. ಇದು ಕೊಳಾಯಿ ಕೆಲಸದವರಿಗೆ, ಹಳೆಯ ಕಟ್ಟಡ ಕೀಳುವವರಿಗೆ ಒಗ್ಗಿದ ಉಪಕರಣ. ಅವರು ಎರಡು ಕಾಲನ್ನೂ ನೆಲಕ್ಕೆ ಊರಿ, ಎರಡು ಕೈಯಲ್ಲೂ ಹಿಡಿದು, ಅಲಗಿನ ಬುಡದಲ್ಲಿರುವ ಲೋಹದ ಪಾದವನ್ನು ಗೋಡೆಗೋ ಪೈಪಿಗೋ ಒತ್ತಿ ಕೊಯ್ಯುತ್ತಾರೆ. ಆ ಒತ್ತು ಸಡಿಲವಾದರೆ ಅಲಗು ಮರವನ್ನು ಕೊಯ್ಯುವ ಬದಲು ಇಡೀ ಯಂತ್ರವೇ ಹಿಂದೆ ಮುಂದೆ ಕುಣಿಯುತ್ತದೆ. ಮರ ಹತ್ತಿದವನಿಗೆ ಆ ಒತ್ತು ಎಲ್ಲಿಂದ ಬರಬೇಕು?

ಕಳೆದ ವರ್ಷ ಮಳೆಗೆ ಮುಂಚಿನ ಮರಗಸಿಯಲ್ಲಿ ನಾನೂ ಇದೇ ತಪ್ಪು ಮಾಡಿದೆ. ನಮ್ಮಲ್ಲಿ ಬಹಳ ಕಾಲದಿಂದ ಮರ ಹತ್ತುವವನ ಕೈಗೆ ಗರಗಸ ಕೊಟ್ಟು ಸಿಲ್ವರ್ ಮರ ಹತ್ತಿಸಿದೆ. ಕೊಂಬೆ ಸಿಗಿಯಬಾರದೆಂದು ಮೊದಲು ಅಡಿಯಿಂದ ಕೊಯ್ಯಲು ಹೇಳಿದವನೂ ನಾನೇ. ಎಷ್ಟು ಆಳ ಎಂದು ಮಾತ್ರ ಹೇಳಲಿಲ್ಲ. ಅವನು ಅರ್ಧದವರೆಗೂ ಕೊಯ್ದ. ಕೊಂಬೆಯ ಭಾರಕ್ಕೆ ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚಿ ಹಿಡಿಯಿತು. ಒಂದೇ ಕೈಯಲ್ಲಿದ್ದ ಯಂತ್ರ ಭುಜವನ್ನು ಜಗ್ಗಿದ ರಭಸಕ್ಕೆ ಅವನ ಕಾಲು ಜಾರಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರಿಂದ ಉಳಿದ. ಇಳಿದು ಬಂದು ಗರಗಸವನ್ನು ನನ್ನ ಮುಂದಿಟ್ಟು, "ಗೌಡ್ರೇ, ಇದಕ್ಕೆ ಎರಡು ಕೈ ಬೇಕು, ಮರಕ್ಕೆ ಒಂದು ಕೈ ಬೇಕು. ನನಗಿರೋದು ಎರಡೇ" ಎಂದ. ಆ ದಿನ ಉಳಿದ ಮರಗಳನ್ನೆಲ್ಲ ಕತ್ತಿಯಲ್ಲೇ ಸವರಿದ. ನಾನು ಎದುರು ಮಾತಾಡಲಿಲ್ಲ.

ಪೆಟ್ರೋಲ್ ಗರಗಸಕ್ಕೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಪೆಟ್ರೋಲಿನದು ಗದ್ದಲ ಮಾಡಿ ತಾನು ಎಚ್ಚರವಾಗಿದ್ದೇನೆಂದು ಸಾರುತ್ತದೆ, ಇಂಜಿನ್ ನಿಂತರೆ ಮಲಗಿದಂತೆ. ಇದು ಸದಾ ಸಿದ್ಧ. ಕಾಫಿ ಗಿಡಗಳ ನಡುವೆ ನುಸುಳುವಾಗ ರೆಕ್ಕೆಯೊಂದು ಸ್ವಿಚ್ಚಿಗೆ ತಾಗಿದರೂ ಸಾಕು. ಸ್ವಿಚ್ಚಿಗೆ ತಡೆಗುಂಡಿ ಇದ್ದರೆ ಒತ್ತಿಡಿ, ಅಷ್ಟನ್ನೇ ನಂಬಬೇಡಿ. ಸಾಲು ಬದಲಿಸುವಾಗ, ಅಲಗು ಬದಲಿಸುವಾಗ, ಸಿಕ್ಕಿಕೊಂಡ ನಾರು ತೆಗೆಯುವಾಗ ಬ್ಯಾಟರಿ ಕಳಚಲೇಬೇಕು. ಕೊಯ್ದ ಕೂಡಲೇ ಅಲಗನ್ನು ಮುಟ್ಟಿದರೆ ಕೈ ಸುಡುತ್ತದೆ, ಅದೂ ನೆನಪಿರಲಿ.

ಹಾಗಾದರೆ ಇದರ ಜಾಗ ಯಾವುದು? ಗಿಡದ ಬುಡ. ಬಿಳಿ ಕಾಂಡಕೊರಕದ ಹಾವಳಿಯಿರುವ ಅರೇಬಿಕಾ ತೋಟದಲ್ಲಿ ದುಂಬಿ ಹಾರುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ಮತ್ತೊಮ್ಮೆ. ಅದಕ್ಕೆ ಮುಂಚೆ ರೋಗದ ಗಿಡ ಹುಡುಕಿ, ಕೊಯ್ದು, ಸುಡಬೇಕು. ಆಳಿಲ್ಲವೆಂದು ಈ ಕೆಲಸ ಮುಂದೂಡಿ ತೋಟ ಕಳೆದುಕೊಂಡವರನ್ನು ಕಂಡಿದ್ದೇವೆ. ಈ ಗರಗಸವಿದ್ದರೆ ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹಳೆಯ ಗಿಡವನ್ನು ಒಂದಡಿ ಎತ್ತರದಲ್ಲಿ ಓರೆಯಾಗಿ ಕೊಯ್ದು ಹೊಸ ಚಿಗುರು ಬರಿಸಲೂ ಇದು ಸರಿ. ಕೊಯ್ದ ಮುಖ ಒರಟಾಗಿರುತ್ತದೆ, ಚಾಕುವಿನಿಂದ ಸವರಿ ಬೋರ್ಡೋ ಮುಲಾಮು ಹಚ್ಚಿ. ಬಿದ್ದ ಅಡಿಕೆ ಮರವನ್ನು ತುಂಡು ಮಾಡಲೂ ಬಳಸಬಹುದು. ಆದರೆ ಅದರ ನಾರು ಹಲ್ಲಿನ ಸಂದಿಗೆ ತುಂಬಿ ಕೊಯ್ತ ನಿಧಾನವಾಗುತ್ತದೆ. ಆಗ ಒತ್ತಡ ಹಾಕದೆ ನಿಲ್ಲಿಸಿ ತೆಗೆಯಬೇಕು.

ಅಲಗಿನ ವಿಷಯದಲ್ಲಿ ನಮ್ಮವರು ಜಿಪುಣರು. ಪೆಟ್ಟಿಗೆಯಲ್ಲಿ ಬಂದ ಅಲಗಿನಲ್ಲೇ ಎಲ್ಲವನ್ನೂ ಕೊಯ್ಯಲು ಹೋಗುತ್ತಾರೆ. ಕಬ್ಬಿಣಕ್ಕೆಂದು ಮಾಡಿದ ಸಣ್ಣ ಹಲ್ಲಿನದು ಹಸಿ ಮರದಲ್ಲಿ ಬಿಸಿಯಾಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಹಸಿ ಮರಕ್ಕೆ ಒಂದಂಗುಲಕ್ಕೆ ಐದಾರು ಹಲ್ಲಿನದು ಬೇಕು. ಉದ್ದವೂ ಮುಖ್ಯ. ಅಲಗು ಪೂರ್ತಿ ಹಿಂದಕ್ಕೆ ಬಂದಾಗಲೂ ಅದರ ತುದಿ ಕಾಂಡದ ಆಚೆ ಇರಬೇಕು, ಇಲ್ಲವಾದರೆ ತುದಿ ಮರಕ್ಕೆ ಗುದ್ದಿ ಯಂತ್ರ ಎದುರು ಹಾರುತ್ತದೆ. ನಾಲ್ಕಂಗುಲದ ಕಾಂಡಕ್ಕೆ ಒಂಬತ್ತಂಗುಲದ ಅಲಗು ಹೆಚ್ಚೇನಲ್ಲ. ಬುಡದ ಮಣ್ಣು ಕಲ್ಲುಗಳನ್ನು ಮೊದಲು ಸರಿಸಿ. ಕಲ್ಲಿಗೆ ತಾಗಿದ ಹಲ್ಲು ಅಲ್ಲಿಗೆ ಮುಗಿಯಿತು, ಸಿಡಿದ ಚೂರು ಕಣ್ಣಿಗೆ ಬರುತ್ತದೆ. ಕನ್ನಡಕವಿಲ್ಲದೆ ಸ್ವಿಚ್ ಒತ್ತಬಾರದು. ಗಿಡವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೊಯ್ಯುವ ಅಭ್ಯಾಸ ಕತ್ತಿಯಿಂದ ಬಂದದ್ದು, ಅದನ್ನು ಬಿಡಬೇಕು. ಈ ಅಲಗು ಮಾಡುವ ಗಾಯ ಕತ್ತಿಯದರಂತೆ ನೇರವಲ್ಲ, ಮಾಂಸವನ್ನು ಹರಿಯುತ್ತದೆ. ನೆಲದಲ್ಲಿ ನಿಂತು ಕೈಗೆಟಕುವ ಕೊಂಬೆ ಕೊಯ್ಯುವಾಗಲೂ ಅಡಿಯಿಂದ ಕಾಲು ಭಾಗ ಮಾತ್ರ, ಉಳಿದದ್ದು ಮೇಲಿನಿಂದ, ತುಸು ಹೊರಗೆ.

ಬ್ಯಾಟರಿಯ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಚಾರ್ಜಿಗೆ ಹಾಕಬೇಡಿ. ಬಿದ್ದು ಒಡೆದದ್ದನ್ನು, ಉಬ್ಬಿದ್ದನ್ನು ಮತ್ತೆ ಬಳಸಬೇಡಿ. ನಮ್ಮ ಮನೆಗಳಲ್ಲಿ ಪ್ಲಗ್ ಇರುವ ಮೂಲೆಯಲ್ಲೇ ಗೋಣಿಚೀಲಗಳ ರಾಶಿಯೂ ಇರುತ್ತದೆ. ಇದು ಲಿಥಿಯಂ ಬ್ಯಾಟರಿ, ಹೊತ್ತಿಕೊಂಡರೆ ಸುಲಭಕ್ಕೆ ಆರುವುದಿಲ್ಲ.

ಇಷ್ಟನ್ನೂ ನನಗೆ ಕೊಳ್ಳುವಾಗ ಯಾರೂ ಹೇಳಲಿಲ್ಲ. ಮಾರಿದಾತ ಒಣ ಕೊಂಬೆಯೊಂದನ್ನು ಒಂದೇ ಕೈಯಲ್ಲಿ ಕೊಯ್ದು ತೋರಿಸಿ ಚಪ್ಪಾಳೆ ಗಿಟ್ಟಿಸಿದ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಕನ್ನಡದ ಒಂದಕ್ಷರವಿರಲಿಲ್ಲ. ಕೊಳ್ಳುವವರು ನಾವು, ಹಿಡಿಯುವವರು ಬೇರೆ, ಇಬ್ಬರಿಗೂ ಕಲಿಸಿದವರಿಲ್ಲ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನನ್ನದೊಂದು ಸಲಹೆ. ಸಂಘ ಈ ಗರಗಸವನ್ನು ತರಿಸುವುದಾದರೆ ಕನ್ನಡಕ, ಕೈಗವಸು, ಹಸಿ ಮರದ ಎರಡು ಅಲಗು ಸೇರಿಸಿಯೇ ಮಾರಲಿ. ಬೆಲೆ ಸ್ವಲ್ಪ ಏರಿದರೂ ಸರಿಯೇ. ಕೊಂಡ ಸದಸ್ಯರು ಕೆಲಸದವರನ್ನೂ ಕರೆದುಕೊಂಡು ಒಂದು ಬೆಳಗ್ಗೆ ಯಾರಾದರೊಬ್ಬರ ತೋಟದಲ್ಲಿ ಸೇರಲಿ. ಸಣ್ಣ ಹಿಡುವಳಿದಾರರು ಎಲ್ಲರೂ ಕೊಳ್ಳಬೇಕಾಗಿಯೂ ಇಲ್ಲ. ಎರಡು ಗರಗಸವನ್ನು ಸಂಘವೇ ಇಟ್ಟುಕೊಂಡು ಬಾಡಿಗೆಗೆ ಕೊಟ್ಟರೆ ಸಾಲದೇ? ಮುಂದಿನ ಮಹಾಸಭೆಯಲ್ಲಿ ಇದು ಚರ್ಚೆಗೆ ಬರುವುದಾದರೆ ತೋರಿಸಲು ನನ್ನದನ್ನೇ ತರುತ್ತೇನೆ, ಬ್ಯಾಟರಿಯನ್ನು ಬೇರೆ ಚೀಲದಲ್ಲಿ.