ಹಾಡು ಬಂದರೆ ಓಡಿಸಬೇಡಿ

ಸಿನಿಮಾ ನೋಡುವಾಗ ಹಾಡು ಬಂತೆಂದರೆ ಸಾಕು, ನಮ್ಮೂರಲ್ಲಿ ಅರ್ಧ ಜನ ನೀರು ಕುಡಿಯೋಕೆ ಎದ್ದು ಹೋಗ್ತಾರೆ. ಮೊಬೈಲಿನಲ್ಲಾದರೆ ಮುಂದಕ್ಕೆ ಓಡಿಸಿಬಿಡ್ತಾರೆ. ಕೇಳಿದರೆ "ಹಾಡಲ್ಲಿ ಕತೆ ಎಲ್ಲೈತೆ?" ಅಂತಾರೆ. ಕತೆ ಇಲ್ಲದಿರಬಹುದು. ಆದರೆ ಪಾತ್ರದ ಮನಸ್ಸು ಇರುವುದು ಹಾಡಿನಲ್ಲೇ ಎಂದು ನನ್ನ ಅಭಿಪ್ರಾಯ.

1971ರಲ್ಲಿ ಬಂದ 'ಕಸ್ತೂರಿ ನಿವಾಸ' ನೋಡಿ. ಹಳೇ ಚಿತ್ರ ಅಂತ ಮೂಗು ಮುರಿಯಬೇಡಿ, 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದ್ದಾರೆ. ಅದರಲ್ಲಿ ಡಾ. ರಾಜ್‌ಕುಮಾರ್ ಬೆಂಕಿಪೊಟ್ಟಣ ಕಾರ್ಖಾನೆಯ ಸಾಹುಕಾರರು. ಅವರಿಗೆ ಕೊಡುವುದು ಗೊತ್ತು, ಕೇಳುವುದು ಗೊತ್ತಿಲ್ಲ. ಚಿತ್ರದಲ್ಲಿ ಬೊಂಬೆಯ ಹಾಡು ಎರಡು ಸಲ ಬರುತ್ತದೆ. ಬರೆದವರು ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಮೊದಲನೇ ಸಲ ಅದು ಖುಷಿಯ ಹಾಡು. ಎಷ್ಟು ತಳ್ಳಿದರೂ ಬೊಂಬೆ ಎದ್ದು ಕೂರುತ್ತದೆ. ಆಮೇಲೆ ಕಾರ್ಖಾನೆ ಹೋಗುತ್ತದೆ, ಮನೆಯೂ ಹೋಗುತ್ತದೆ. ಮನೆಗೆ ಬಂದವರಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೇ ಮಾರುತ್ತಾರೆ. ಇಷ್ಟಾದರೂ ಆ ಮನುಷ್ಯ ಬಾಯಿಬಿಟ್ಟು ನನಗೆ ಕಷ್ಟ ಅನ್ನಲ್ಲ. ಕೊನೆಗೆ ಅದೇ ಧಾಟಿ ನಿಧಾನವಾಗಿ, ದುಃಖವಾಗಿ ಬರುತ್ತೆ. ಮೊದಲನೇ ಹಾಡನ್ನು ಓಡಿಸಿದವರಿಗೆ ಆ ಎರಡನೇದು ಅರ್ಥವೇ ಆಗಲ್ಲ. ನನಗಂತೂ ಗಂಟಲು ಕಟ್ಟಿತು.

2006ರ 'ಮುಂಗಾರು ಮಳೆ'ಯಲ್ಲಿ ಇದು ಬೇರೆ ಥರ. ಪ್ರೀತಂ ಒಂದೇ ಸಮ ವಟವಟ ಮಾತಾಡ್ತಾನೆ. ಬರೀ ಮಾತು ಕೇಳಿದರೆ ತಮಾಷೆ ಹುಡುಗ ಅನ್ನಿಸುತ್ತೆ. ಜಯಂತ ಕಾಯ್ಕಿಣಿ ಬರೆದ ಹಾಡು ಬಂದಾಗಲೇ ಅವನೊಳಗೆ ಏನಿದೆ ಅಂತ ಗೊತ್ತಾಗೋದು. ಸುಮ್ಮಸುಮ್ಮನೆ ಫಾರಿನ್ನಿಗೆ ಹೋಗಿ ಹತ್ತು ಬಟ್ಟೆ ಬದಲಾಯಿಸಿ ಕುಣಿಯೋ ಹಾಡುಗಳೂ ಇವೆ. ಅವನ್ನು ಬೇಕಾದರೆ ಓಡಿಸಿಕೊಳ್ಳಿ, ನನ್ನ ತಕರಾರಿಲ್ಲ.

ಇದೆಲ್ಲ ಬರೀ ಸಿನಿಮಾದಲ್ಲಿ ಅಂದುಕೊಳ್ಳಬೇಡಿ. ರಾಗಿ ಒಣಗಿಹೋದ ವರ್ಷ ನಮ್ಮಪ್ಪ ಯಾರ ಹತ್ರಾನೂ ಏನೂ ಹೇಳಲಿಲ್ಲ. ಸಂಜೆ ದನಕ್ಕೆ ಮೇವು ಹಾಕುವಾಗ ಮಾತ್ರ ಯಾವುದೋ ಹಳೇ ದುಃಖದ ಹಾಡು ಗುನುಗುತ್ತಿದ್ದರು. ಅವ್ವ ಅದನ್ನು ಕೇಳಿಸಿಕೊಂಡು, "ಇವತ್ತು ಅಪ್ಪನ್ನ ದುಡ್ಡು ಕೇಳ್ಬೇಡ" ಅನ್ನುತ್ತಿದ್ದಳು.

ಶಾಲಾ ವಾರ್ಷಿಕೋತ್ಸವಕ್ಕೆ ನಾವು ಪ್ರತಿ ಸಲವೂ ಜೋರು ಕುಣಿತದ ಹಾಡುಗಳನ್ನೇ ಆರಿಸುತ್ತೇವೆ. ನಿಧಾನದ ಹಾಡಿಗೆ ಚಪ್ಪಾಳೆ ಬೀಳಲ್ಲವಂತೆ! ಈ ಸಲ ಬೊಂಬೆಯ ಹಾಡನ್ನು ಎರಡು ಥರದಲ್ಲೂ ಹಾಡೋಣ. ಖುಷಿಯದ್ದು ಆರನೇ ತರಗತಿಯವರು ಹಾಡಲಿ, ದುಃಖದ್ದು ನಾವು ಹಾಡುತ್ತೇವೆ. ಗುರುಗಳು ಒಪ್ಪಿಗೆ ಕೊಡಬೇಕಾಗಿ ವಿನಂತಿ. ಚಪ್ಪಾಳೆ ಬೀಳದಿದ್ದರೂ ಪರವಾಗಿಲ್ಲ.

– ಏಳನೇ ತರಗತಿ ವಿದ್ಯಾರ್ಥಿನಿ