ಆ ಬೀಗದ ಕೈ ಯಾವ ಬಾಗಿಲಿನದು?

ನಾಣ್ಯ, ಅಂಚೆಚೀಟಿ ಕೂಡಿಡುವವರಂತೆ ಹಳೆಯ ಚರ್ಚ್‌ಗಳ ಬೀಗದ ಕೈ ಸಂಗ್ರಹಿಸುವವರೂ ಇದ್ದಾರೆ. ನನಗೆ ಆ ಹುಚ್ಚು ಹತ್ತಿದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಗುಜರಿ ಅಂಗಡಿಯಲ್ಲಿ ಗೇಣುದ್ದದ ಕಬ್ಬಿಣದ ಕೈ ಸಿಕ್ಕಿತು. ‘ಚರ್ಚ್‌ದು, ತುಂಬಾ ಹಳೇದು’ ಎಂದ ಅಂಗಡಿಯವರ ಮಾತು ನಂಬಿ ಪಾಕೆಟ್ ಮನಿಯೆಲ್ಲ ಸುರಿದೆ. ಅದರ ಹಲ್ಲಿನಲ್ಲಿ ಶಿಲುಬೆಯಾಕಾರದ ಕಂಡಿಯಿತ್ತು, ನನಗಿದ್ದ ಸಾಕ್ಷಿ ಅಷ್ಟೇ.

ಗೆಳೆಯನ ತಾತ ವರ್ಷಗಟ್ಟಲೆ ತಮ್ಮೂರಿನ ಚರ್ಚ್ ಬಾಗಿಲು ತೆರೆದವರು. ಕೈಯನ್ನು ತಿರುಗಿಸಿ ನೋಡಿ, ‘ಯಾವ ಊರಿನದು ಮಗಾ?’ ಎಂದರು. ಗೊತ್ತಿಲ್ಲ ಎಂದೆ. ‘ಕಳಕೊಂಡವರು ಹುಡುಕ್ತಿರಬಹುದಲ್ಲ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಓದತೊಡಗಿದೆ. ಬೀಗದೊಳಗಿನ ತಡೆಗಳನ್ನು ದಾಟಲು ಕೊರೆದ ಕಂಡಿಯೂ ಶಿಲುಬೆಯಂತೆ ಕಾಣಬಹುದು. ಮನೆ, ಉಗ್ರಾಣದ ಕೈಗಳಲ್ಲೂ ಅದಿರಬಹುದು. ಹಾಗಾದರೆ ಚರ್ಚ್‌ನ ಕೈಗೆ ವಿಶೇಷ ಅರ್ಥ ಎಲ್ಲಿಂದ ಬಂತು? ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಯೇಸು ಪೇತ್ರನಿಗೆ ಸ್ವರ್ಗರಾಜ್ಯದ ಬೀಗದ ಕೈಗಳನ್ನು ಕೊಡುವುದಾಗಿ ಹೇಳುತ್ತಾನೆ. ವ್ಯಾಟಿಕನ್ ಲಾಂಛನದ ಚಿನ್ನ, ಬೆಳ್ಳಿಯ ಜೋಡಿ ಕೈಗಳ ಮೂಲ ಅದೇ. ಪೋಪ್ ಆಯ್ಕೆಯ ‘ಕಾನ್‌ಕ್ಲೇವ್’ ಪದದಲ್ಲೂ ಲ್ಯಾಟಿನ್ನಿನ ಬೀಗದ ಕೈ ಅಡಗಿದೆ. ವ್ಯಾಟಿಕನ್ ಮ್ಯೂಸಿಯಂನ 2,797 ಕೈಗಳ ಪೈಕಿ ಸಿಸ್ಟೀನ್ ಚಾಪೆಲ್‌ನದಕ್ಕೆ ನಕಲೇ ಇಲ್ಲ. ಅದನ್ನು ಲಕೋಟೆಯಲ್ಲಿಟ್ಟು ಮೊಹರು ಹಾಕುತ್ತಾರೆ.

ನನ್ನನ್ನು ಹೆಚ್ಚು ತಟ್ಟಿದ್ದು ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚ್. ಅದರ ಕೈಯನ್ನು ಶತಮಾನಗಳಿಂದ ಕಾಯುತ್ತಿರುವುದು ಒಂದು ಮುಸ್ಲಿಂ ಕುಟುಂಬ, ಬಾಗಿಲು ತೆರೆಯುವುದು ಇನ್ನೊಂದು ಮುಸ್ಲಿಂ ಕುಟುಂಬ. ಒಳಗೆ ಹಲವು ಕ್ರೈಸ್ತ ಪಂಗಡಗಳ ಪೂಜೆ. ಕೈ ಯಾರ ಹತ್ತಿರ ಇದೆಯೋ ಚರ್ಚ್ ಅವರದಲ್ಲ. ಆದರೆ ಎಲ್ಲರೂ ಅವರನ್ನು ನಂಬಿದ್ದಾರೆ.

ಬೀಗದ ಕೈಯ ನಿಜವಾದ ಅರ್ಥ ಈ ನಂಬಿಕೆಯೇ ಎಂಬುದು ನನ್ನ ಅಭಿಪ್ರಾಯ. ಎಲ್ಲಿಂದ ಬಂತೆಂದು ಕೇಳದೆ ಕೊಂಡು ಗೋಡೆಗೆ ತೂಗುಹಾಕಿ ಇನ್‌ಸ್ಟಾಗ್ರಾಂಗೆ ಹಾಕಿದರೆ ಉಳಿಯುವುದು ಕಬ್ಬಿಣ ಮಾತ್ರ. ಸಂಗ್ರಹಿಸಬೇಡಿ ಎನ್ನುತ್ತಿಲ್ಲ. ಕೊಳ್ಳುವ ಮುನ್ನ ಮೂಲ ಕೇಳಿ, ಸಿಕ್ಕ ಮಾಹಿತಿ ಬರೆದಿಡಿ, ಅದರ ಚರ್ಚ್ ಗೊತ್ತಾದರೆ ಹಿಂದಿರುಗಿಸುವ ಮನಸ್ಸಿರಲಿ.

ನನ್ನ ಕೈಗೆ ಈಗ ಒಂದು ಚೀಟಿ ಕಟ್ಟಿದ್ದೇನೆ. ಕೊಂಡ ದಿನ, ಅಂಗಡಿ, ಬೆಲೆ ಬರೆದಿದ್ದೇನೆ. ಊರಿನ ಹೆಸರಿನ ಜಾಗ ಇನ್ನೂ ಖಾಲಿಯಿದೆ.