ಗೃಹಸ್ಥರ ಪುಟ: ಹಳೆಯ ಕಾರಿಗೆ ಯಾರ ಸಾಮಾನು?

ಕಾರು ಹಳೆಯದಾದಂತೆ ಅದಕ್ಕೂ ಮನೆಯವರಿಗೂ ಇರುವ ನಂಟು ಬೆಳೆಯುತ್ತ ಹೋಗುವುದು. ಅದರೊಡನೆ ರಿಪೇರಿಯ ವೆಚ್ಚವೂ ಬೆಳೆಯುವುದು. ಹದಿನೈದು ಇಪ್ಪತ್ತು ವರ್ಷ ದುಡಿದ ಗಾಡಿಯನ್ನು ರಿಪೇರಿಗೆ ಬಿಟ್ಟಾಗ ಮೆಕ್ಯಾನಿಕನು ಕೇಳುವ ಮಾತು ಸಾಮಾನ್ಯವಾಗಿ ಒಂದೇ: “ಕಂಪನಿ ಸಾಮಾನು ಹಾಕಲೇ ಸ್ವಾಮಿ, ಹೊರಗಿನದು ಹಾಕಲೇ?” ಕೆಲವರು ಅಂಜಿಕೆಯಿಂದ “ಎಲ್ಲವೂ ಕಂಪನಿಯದೇ ಇರಲಿ” ಎನ್ನುವರು, ಕೆಲವರು ಕಿಸೆಯನ್ನು ಮುಟ್ಟಿ ನೋಡಿಕೊಂಡು “ಯಾವುದಾದರೂ ಸರಿ, ಓಡಿದರೆ ಸಾಕು” ಎನ್ನುವರು. ಮೊದಲನೆಯವರು ಅನಾವಶ್ಯಕವಾಗಿ ಹಣ ತೆರುವರು. ಎರಡನೆಯವರು ಕೆಲವೊಮ್ಮೆ ಹಣಕ್ಕಿಂತ ದೊಡ್ಡದನ್ನೇ ತೆರಬೇಕಾಗುವುದು. ಆದುದರಿಂದ ಈ ತಿಂಗಳು ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಕಾರನ್ನು ತಯಾರಿಸುವ ಕಂಪನಿಯು ಅದರ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ಬೇರಿಂಗು ಬೇರಿಂಗಿನ ಕಾರ್ಖಾನೆಯಿಂದ, ಸ್ಪಾರ್ಕ್ ಪ್ಲಗ್ಗು ಪ್ಲಗ್ಗಿನ ಕಾರ್ಖಾನೆಯಿಂದ, ಬ್ರೇಕಿನ ಲೈನಿಂಗು ಇನ್ನೊಂದು ಕಡೆಯಿಂದ ಬರುವುವು. ಅದೇ ಕಾರ್ಖಾನೆಯವರು ಅನೇಕ ವೇಳೆ ಅದೇ ಸಾಮಾನನ್ನು ತಮ್ಮ ಸ್ವಂತ ಹೆಸರಿನ ಪೆಟ್ಟಿಗೆಯಲ್ಲಿಯೂ ಮಾರುವುದುಂಟು. ಹೀಗಿರಲು ‘ಹೊರಗಿನ ಸಾಮಾನು’ ಎಂಬ ಒಂದೇ ಮಾತಿನಲ್ಲಿ ಮೂರು ಬಗೆಗಳು ಅಡಗಿವೆ. ಕಂಪನಿಗೆ ಒದಗಿಸುವ ಕಾರ್ಖಾನೆಯದೇ ಸಾಮಾನು ಒಂದು. ಕಂಪನಿಯೊಡನೆ ಸಂಬಂಧವಿಲ್ಲದಿದ್ದರೂ ತನ್ನ ಹೆಸರನ್ನು ಬಹಿರಂಗವಾಗಿ ಅಚ್ಚೊತ್ತಿ ಮಾರುವ ಬೇರೊಬ್ಬ ತಯಾರಕನದು ಇನ್ನೊಂದು. ಇತರರ ಹೆಸರನ್ನೇ ಕದ್ದು ಪೆಟ್ಟಿಗೆಯ ಮೇಲೆ ಅಚ್ಚುಹಾಕಿದ ನಕಲಿ ಮಾಲು ಮೂರನೆಯದು. ಮೊದಲನೆಯದು ಬಹುಮಟ್ಟಿಗೆ ನಿಶ್ಚಿಂತೆಯದು, ಎರಡನೆಯದು ವಿಚಾರಿಸಿ ಕೊಳ್ಳತಕ್ಕದ್ದು, ಮೂರನೆಯದು ಎಷ್ಟು ಅಗ್ಗವಾದರೂ ಮುಟ್ಟತಕ್ಕದ್ದಲ್ಲ. ‘ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತೆ’ ಎಂಬ ಗಾದೆ ಈ ಮೂರನೆಯದಕ್ಕೆ ಸಲ್ಲುವುದೇ ಹೊರತು ಮೊದಲನೆಯದಕ್ಕೆ ಸಲ್ಲದು.

ಒಂದು ನಿದರ್ಶನವನ್ನು ಕೊಡುವೆವು. ಬೇರಿಂಗಿನ ಅಂಚಿನಲ್ಲಿ 6203 ಎಂದು ಕೊರೆದಿದ್ದರೆ, ಅದನ್ನು ಯಾವ ದೇಶದ ಯಾವ ಕಾರ್ಖಾನೆಯೇ ಮಾಡಿರಲಿ, ಒಳರಂಧ್ರ 17 ಮಿಲಿಮೀಟರು, ಹೊರವ್ಯಾಸ 40, ದಪ್ಪ 12. ಇದು ಅಂತಾರಾಷ್ಟ್ರೀಯವಾದ ಅಳತೆ. ಇಂತಹ ಭಾಗವನ್ನು ಕಂಪನಿಯ ಪೆಟ್ಟಿಗೆಗಾಗಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದರಲ್ಲಿ ವಿಶೇಷ ಲಾಭವಿಲ್ಲ. ಹೆಸರಾಂತ ತಯಾರಕರದಾದರೆ ಸಾಕು. ಆದರೆ ಅಂಕಿಯ ಮುಂದಿರುವ ಅಕ್ಷರಗಳನ್ನೂ ಓದಬೇಕು. ಸಿ3 ಎಂದಿದ್ದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚೆಂದು ಅರ್ಥ; ಬಿಸಿಯಾಗುವ ಜಾಗಕ್ಕೆ ಅದೇ ಬೇಕಾಗಬಹುದು. ಆದುದರಿಂದ ಹಳೆಯ ಬೇರಿಂಗಿನ ಮೇಲಿನ ಬರಹವನ್ನು ಪೂರ್ತಿಯಾಗಿ ಬರೆದುಕೊಂಡೇ ಅಂಗಡಿಗೆ ಹೋಗತಕ್ಕದ್ದು.

ಎಲ್ಲ ಭಾಗಗಳೂ ಬೇರಿಂಗಿನಂತೆ ಅಂಕಿಯಿಂದ ಗುರುತು ಸಿಕ್ಕುವಂಥವಲ್ಲ. ಆಗ ಗೃಹಸ್ಥನು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಯಾರದು?’ ಎಂಬುದಕ್ಕಿಂತ ಮೊದಲು ‘ಇದು ನಡುದಾರಿಯಲ್ಲಿ ಕೈಕೊಟ್ಟರೆ ಹೋಗುವುದೇನು?’ ಎಂಬುದು.

ಪ್ರಾಣ ಹೋಗುವುದೆಂದು ಉತ್ತರ ಬಂದರೆ ಅಲ್ಲಿ ಜಿಪುಣತನ ಸಲ್ಲದು. ಬ್ರೇಕಿನ ಲೈನಿಂಗು, ಚಕ್ರದ ಸಿಲಿಂಡರಿನ ರಬ್ಬರು, ಬ್ರೇಕಿನ ಕೊಳವೆ, ಸ್ಟಿಯರಿಂಗಿನ ಕೀಲುಗಳು, ಟೈರು ಇವು ಈ ಗುಂಪಿನವು. ಕಂಪನಿಯದು, ಇಲ್ಲವೆ ಕಂಪನಿಗೆ ಒದಗಿಸುವ ಕಾರ್ಖಾನೆಯದು, ಇವೆರಡರಲ್ಲಿ ಒಂದಾಗಬೇಕು. ಹೊಸ ಲೈನಿಂಗನ್ನು ಒಂದೇ ಚಕ್ರಕ್ಕೆ ಹಾಕಿಸಬಾರದು; ಎಡಬಲ ಎರಡಕ್ಕೂ ಒಂದೇ ತಯಾರಕನದು ಒಂದೇ ಸಲ ಬೀಳಬೇಕು. ಇಲ್ಲವಾದರೆ ಬ್ರೇಕು ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುವುದು.

ಎಂಜಿನು ಹೋಗುವುದೆಂದಾದರೆ ಅಲ್ಲಿಯೂ ಎಚ್ಚರ ಬೇಕು. ಎಂಜಿನ್ ಎಣ್ಣೆಯ ಫಿಲ್ಟರನ್ನೇ ನೋಡಿ. ಹೊರಗಿನಿಂದ ಎಲ್ಲವೂ ಒಂದೇ ಬಗೆಯ ತಗಡಿನ ಡಬ್ಬಿ. ಅನೇಕ ಗಾಡಿಗಳ ಫಿಲ್ಟರಿನೊಳಗೆ, ಎಂಜಿನು ನಿಂತಾಗ ಎಣ್ಣೆ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ಒಂದು ಕವಾಟವಿರುವುದು. ಕಳಪೆ ಮಾಲಿನಲ್ಲಿ ಅದು ಸರಿಯಾಗಿಲ್ಲದಿದ್ದರೆ ಪ್ರತಿದಿನ ಬೆಳಗ್ಗೆ ಎಂಜಿನು ಕೆಲವು ಕ್ಷಣ ಎಣ್ಣೆಯಿಲ್ಲದೆ ತಿರುಗಿ ಸವೆಯುವುದು. ಅದು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಟೈಮಿಂಗ್ ಬೆಲ್ಟು, ಥರ್ಮೋಸ್ಟಾಟು, ಹೆಡ್ ಗ್ಯಾಸ್ಕೆಟ್ಟು ಇವೂ ಇದೇ ಪಂಗಡದವು.

ಕನ್ನಡಿ, ಕಾಲ್ಹಾಸು, ಬಾಗಿಲ ಹಿಡಿ, ಬಂಪರು ಮೊದಲಾದವು ಕೆಟ್ಟರೆ ಅಂದ ಹೋಗಬಹುದು, ಅನುಕೂಲ ಹೋಗಬಹುದು, ಅಷ್ಟೆ. ಇವುಗಳಲ್ಲಿ ಹೊರಗಿನದನ್ನು ಧೈರ್ಯವಾಗಿ ಕೊಳ್ಳಬಹುದು. ಬಾಗಿಲು, ಬಂಪರುಗಳನ್ನು ಕಳಚಿದ ಗಾಡಿಯಿಂದ ತಂದರೂ ದೋಷವಿಲ್ಲ. ಇಲ್ಲಿ ಉಳಿದ ಹಣವನ್ನು ಬ್ರೇಕಿಗೆ ಸುರಿಯುವುದೇ ಜಾಣತನ.

ಇನ್ನು ಕೂಲಿಯ ಲೆಕ್ಕವೊಂದಿದೆ. ಉದಾಹರಣೆಗೆಂದು ಭಾವಿಸಿಕೊಳ್ಳಿ: ಒಳ್ಳೆಯ ಕ್ಲಚ್ಚಿನ ತಟ್ಟೆಗೆ 1,800 ರೂಪಾಯಿ, ಅಗ್ಗದ್ದಕ್ಕೆ 1,000, ಗೇರ್‌ಬಾಕ್ಸು ಇಳಿಸಿ ಏರಿಸುವ ಕೂಲಿ 2,000. ಅಗ್ಗದ್ದು ಅರ್ಧಕಾಲವೇ ಬಾಳಿದರೆ ಎರಡು ಸಲಕ್ಕೆ 6,000 ಆಗುವುದು, ಒಳ್ಳೆಯದಕ್ಕೆ 3,800. ಆಳದಲ್ಲಿರುವ ಭಾಗಕ್ಕೆ ಒಳ್ಳೆಯದು, ಕೈಗೆಟಕುವ ಭಾಗಕ್ಕೆ ಅಗ್ಗದ್ದಾದರೂ ಆದೀತು ಎಂಬುದು ಇದರಿಂದ ಹೊರಡುವ ಸೂತ್ರ.

ತಯಾರಿಕೆ ನಿಂತ ಗಾಡಿಗಳ ಸಂಗತಿ ಇನ್ನೂ ಸೂಕ್ಷ್ಮವಾದುದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಗಾಡಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂಬಾಸಿಡರಿನದು ಅದೇ ವರ್ಷದ ಮೇ ತಿಂಗಳಲ್ಲಿ. ಪ್ರೀಮಿಯರ್ ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲು. ಇಂತಹ ಗಾಡಿಗಳಿಗೆ ‘ಹಳೆಯ ದಾಸ್ತಾನಿನ ಅಪ್ಪಟ ಕಂಪನಿ ಮಾಲು’ ಎಂದು ಅಂಗಡಿಯವರು ಹೆಮ್ಮೆಯಿಂದ ತೆಗೆದುಕೊಡುವುದುಂಟು. ಉಕ್ಕಿನ ಗೇರಾದರೆ ತುಕ್ಕಿಲ್ಲದಿದ್ದರೆ ಸಂತೋಷವಾಗಿ ಕೊಳ್ಳಿರಿ. ರಬ್ಬರಿನದಾದರೆ ಹಾಗಲ್ಲ, ರಬ್ಬರು ಪೆಟ್ಟಿಗೆಯಲ್ಲಿ ಮಲಗಿದ್ದರೂ ಮುದಿಯಾಗುವುದು. ಹತ್ತಾರು ವರ್ಷದ ಕಂಪನಿ ಬೆಲ್ಟಿಗಿಂತ ಈ ವರ್ಷ ತಯಾರಾದ ಒಳ್ಳೆಯ ಹೊರಗಿನ ಬೆಲ್ಟೇ ಮೇಲು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುವುವು. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಯತಕ್ಕದ್ದು.

ಹೊರಗಿನ ಸಾಮಾನು ಹಾಕಿದರೆ ಗ್ಯಾರಂಟಿ ಹೋಗುವುದೆಂಬ ಹೆದರಿಕೆ, ಗ್ಯಾರಂಟಿಯ ಕಾಲವೇ ಮುಗಿದ ಹಳೆಯ ಕಾರಿಗೆ ಅನ್ವಯಿಸದು. ಬಿಡಿಭಾಗಗಳನ್ನು ಬಹಿರಂಗ ಪೇಟೆಯಲ್ಲಿ ದೊರೆಯದಂತೆ ತಡೆದುದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಗ್ಯಾರಂಟಿಯೆಲ್ಲ ರದ್ದೆಂಬ ಸಾರಾಸಗಟಿನ ಷರತ್ತು ಕೂಡದೆಂದೂ, ಒದಗಿಸುವ ಕಾರ್ಖಾನೆಗಳು ತಮ್ಮ ಹೆಸರಿನಲ್ಲಿ ಮಾರುವುದಕ್ಕೆ ಅಡ್ಡಿ ಮಾಡಕೂಡದೆಂದೂ ಆ ಆದೇಶ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದುವು. ಆದರೂ ಕೊಳ್ಳುವವನಿಗೆ ಆಯ್ಕೆ ಇರಬೇಕೆಂಬ ತತ್ತ್ವ ಅದರಿಂದ ಎಲ್ಲರಿಗೂ ತಿಳಿದಂತಾಯಿತು.

ಕಡೆಯದಾಗಿ ಆಚರಣೆಗೆ ಬೇಕಾದ ನಾಲ್ಕು ಮಾತು. ಅಂಗಡಿಗೆ ಹೋಗುವಾಗ ಗಾಡಿಯ ಚಾಸಿ ನಂಬರನ್ನೂ ಹಳೆಯ ಭಾಗವನ್ನೂ ಜೊತೆಯಲ್ಲಿ ಒಯ್ಯಿರಿ. ಒಂದೇ ಹೆಸರಿನ ಗಾಡಿಯಲ್ಲಿಯೂ ವರ್ಷ ಬದಲಾದರೆ ಭಾಗ ಬದಲಾಗಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಪೇಟೆಯಲ್ಲಿ ಒಂದೇ ಸಾಮಾನನ್ನು ನಾಲ್ಕು ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ತೂಗಿ ನೋಡಿರಿ. ಅಚ್ಚಿನ ಅಕ್ಷರ ಮಸುಕಾಗಿದ್ದರೆ, ಬೆಲೆ ಎಲ್ಲರದಕ್ಕಿಂತ ವಿಪರೀತ ಕಡಿಮೆಯಾಗಿದ್ದರೆ ಸಂಶಯಪಡಿರಿ. ಭಾಗದ ನಂಬರು ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಿರಿ. ನಕಲಿ ಮಾರುವವನು ಅದನ್ನು ಕೊಡಲು ಹಿಂಜರಿಯುವನು. ಬ್ರೇಕಿನ ಡ್ರಮ್ಮಿನೊಳಗಿನ ಧೂಳನ್ನು ಗಾಳಿಯಿಂದ ಊದಿಸಬೇಡಿರಿ. ಹಳೆಯ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಕೇಡಾದ ಕಲ್ನಾರು ಇದ್ದೀತು. ಒದ್ದೆ ಬಟ್ಟೆಯಿಂದ ಒರೆಸುವಂತೆ ಮೆಕ್ಯಾನಿಕನಿಗೆ ಹೇಳುವುದು ಅವನ ಆರೋಗ್ಯಕ್ಕೂ ಒಳ್ಳೆಯದು.

ಪೆಟ್ಟಿಗೆಯ ಮೇಲಿನ ಹೆಸರು ಪ್ರಾಮಾಣಿಕವೇ, ಒಳಗಿನ ವಸ್ತು ಹೊಸದೇ, ಅದು ಹೊರುವ ಹೊಣೆ ಎಷ್ಟು ದೊಡ್ಡದು, ಈ ಮೂರನ್ನು ವಿಚಾರಿಸಿದ ಗೃಹಸ್ಥನಿಗೆ ಹಳೆಯ ಕಾರು ಹೊರೆಯಾಗದು. ಹಿಂದಿನ ಆಸನದಲ್ಲಿ ಮಕ್ಕಳೂ ಮುದುಕರೂ ನಿಶ್ಚಿಂತೆಯಿಂದ ನಿದ್ರಿಸುತ್ತ ಊರು ಸೇರುವುದಾದರೆ, ಅಂಗಡಿಯಲ್ಲಿ ಕಳೆದ ಆ ಒಂದು ಗಂಟೆ ಸಾರ್ಥಕವೆನ್ನಬೇಕು.